ಮಸುಂಗಿತ್ ಲೈಬ್ರೇರಿಯನ್: ಫಿಲಿಪ್ಪೀನ್ಸ್‌ನ ಪರದೆ ಮೇಲಿನ ಸಿಡುಕು ಮೇಡಂ

ಹಿಂದಕ್ಕೆ ಬಿಗಿದು ಕಟ್ಟಿದ ತುರುಬು. ಮೂಗಿನ ತುದಿಗೆ ಜಾರಿದ ಕನ್ನಡಕ. ಕತ್ತಿನವರೆಗೂ ಗುಂಡಿ ಹಾಕಿದ ಬ್ಲೌಸ್. ಕಪಾಟಿನ ಸಂದಿಯಲ್ಲಿ ಹುಡುಗ ಹುಡುಗಿ ಪಿಸುಗುಟ್ಟುತ್ತಾರೆ, ಕೌಂಟರಿನಿಂದ 'ಶ್‌ಶ್!' ಅಂತ ಸದ್ದು ಬರುತ್ತದೆ. ಆ ಪಾತ್ರದ ಕೆಲಸ ಅಲ್ಲಿಗೆ ಮುಗಿಯಿತು. ಫಿಲಿಪ್ಪೀನ್ಸ್‌ನ ಕಾಮಿಡಿಗಳಲ್ಲಿ, ಹದಿಹರೆಯದ ಪ್ರೇಮಕಥೆಗಳಲ್ಲಿ ಲೈಬ್ರೇರಿಯನ್ ಅಂದರೆ ಸಾಮಾನ್ಯವಾಗಿ ಇವಳೇ. ಇವಳಿಗೆ ಅಂಟಿಕೊಂಡ ಪದ 'ಮಸುಂಗಿತ್'. 'ಮಸುಂಗಿತ್ ನಾ ಲೈಬ್ರೇರಿಯನ್' ಅಂದರೆ ಸಿಡುಕಿನ ಲೈಬ್ರೇರಿಯನ್.

ಮೊದಲು ಉಚ್ಚಾರ ಸರಿ ಮಾಡಿಕೊಳ್ಳೋಣ. ನಡುವಿನ ಅಕ್ಷರ 'ಂಗ' ಅಲ್ಲ, 'ಙ'. ವರ್ಣಮಾಲೆಯಲ್ಲಿ ಬಾಯಿಪಾಠ ಮಾಡಿ ಆಮೇಲೆ ಯಾರೂ ಮುಟ್ಟದ ಆ ಅಕ್ಷರ ಫಿಲಿಪ್ಪೀನ್ಸ್‌ನ ಟಗಾಲೊಗ್ ಭಾಷೆಯಲ್ಲಿ ದಿನಬೆಳಗಾದರೆ ಬೇಕು. ಮ-ಸು-ಙಿತ್. ಬರೆಯುವಾಗ ಮಾತ್ರ ಇಲ್ಲಿ ಸುಲಭಕ್ಕೆ 'ಮಸುಂಗಿತ್' ಅಂತಲೇ ಇಟ್ಟುಕೊಂಡಿದ್ದೇನೆ.

'ಸುಂಗಿತ್' ಅಂದರೆ ಸಿಡುಕು, ಮುನಿಸು. ಅದು ಇರುವವರು ಮಸುಂಗಿತ್. ಮನುಷ್ಯರಿಗೆ ಮಾತ್ರವಲ್ಲ, ಹವಾಮಾನಕ್ಕೂ ಇದೇ ಪದ. ಚಂಡಮಾರುತ ಬರುವಾಗ ಟಿವಿ ವಾರ್ತೆಯಲ್ಲಿ 'ಮಸುಂಗಿತ್ ನಾ ಪನಹೋನ್' ಅಂತಾರೆ, ಅಂದರೆ ಕೆಟ್ಟ ಹವೆ. ಯಾಕೆ, ಯಾರ ಮೇಲೆ ಅಂತ ಕೇಳುವ ಹಾಗಿಲ್ಲ, ಸುಮ್ನೆ ಕವಿದುಕೊಂಡಿರುತ್ತದೆ. ಲೈಬ್ರೇರಿಯನ್ ಬಗ್ಗೆ ಹೇಳುವಾಗಲೂ ಅದೇ ಧಾಟಿ. ಅವಳಿಗೆ ಕೋಪ ಯಾಕೆ ಬಂತು ಅನ್ನುವ ಪ್ರಶ್ನೆಯೇ ಕಥೆಯಲ್ಲಿ ಏಳುವುದಿಲ್ಲ.

ಇದರ ಪಕ್ಕದಲ್ಲೇ 'ಮತರಾಯ್' ಅಂತ ಇನ್ನೊಂದು ಪದವಿದೆ. ಎರಡನ್ನೂ ಒಂದೇ ಅಂದುಕೊಂಡರೆ ಕಥೆ ಕೆಡುತ್ತದೆ. ಮತರಾಯ್ ಅಂದರೆ ಹರಿತ ನಾಲಿಗೆಯವಳು, ಹುಬ್ಬೇರಿಸಿ ಒಂದು ಮಾತು ಬಿಟ್ಟರೆ ಎದುರಿನವರು ತೆಪ್ಪಗಾಗಬೇಕು. ಅದರಲ್ಲಿ ಒಂದು ಗತ್ತಿದೆ. ಫಿಲಿಪಿನೊ ಸೀರಿಯಲ್‌ಗಳ ಖಳನಾಯಕಿಯರು, ಅಲ್ಲಿನವರ ಮಾತಿನಲ್ಲಿ 'ಕೊಂತ್ರಬಿದಾ'ಗಳು, ಮತರಾಯ್ ಆಗಿರುತ್ತಾರೆ. ಅವರ ಡೈಲಾಗುಗಳನ್ನು ಜನ ಬಾಯಿಪಾಠ ಮಾಡುತ್ತಾರೆ, ಅನುಕರಿಸಿ ನಗುತ್ತಾರೆ. ಲೈಬ್ರೇರಿಯನ್‌ಗೆ ಆ ಭಾಗ್ಯವೂ ಇಲ್ಲ. ಅವಳದು ಬರೀ ಸಿಡುಕು. ಖಳನಾಯಕಿ ಆಗುವಷ್ಟು ಹೊತ್ತು ಅವಳನ್ನು ಪರದೆ ಮೇಲೆ ನಿಲ್ಲಿಸುವವರೇ ಇಲ್ಲ.

ಇನ್ನೆರಡು ಪದಗಳು ಇವಳ ಬೆನ್ನಿಗೇ ಬರುತ್ತವೆ. ಒಂದು 'ಮತಂದಂಗ್ ದಲಾಗ', ಮದುವೆಯಾಗದೆ ವಯಸ್ಸಾದವಳು. ಇನ್ನೊಂದು 'ಮನಂಗ್'. ಉತ್ತರದ ಇಲೊಕಾನೊ ಭಾಷೆಯಲ್ಲಿ ಮನಂಗ್ ಅಂದರೆ ಅಕ್ಕ, ಗೌರವದ ಮಾತು. ಮನಿಲಾದ ಆಡುಮಾತಿನಲ್ಲಿ ಅದೇ ಪದಕ್ಕೆ ಅಂದಚಂದ ಗೊತ್ತಿಲ್ಲದ, ಹಳೇ ಕಾಲದ ಬಟ್ಟೆಯ ಹೆಂಗಸು ಅನ್ನುವ ಅರ್ಥ ಬಂದಿದೆ. ಊರಿನ ಅಕ್ಕ ಪಟ್ಟಣಕ್ಕೆ ಬಂದು ನಗೆಪಾಟಲಾದಳು ಅನ್ನಿ.

ಈ ವೇಷ ಲೈಬ್ರೇರಿಯನ್‌ಗೆ ಬಂದದ್ದು ಎಲ್ಲಿಂದ? ನನಗನಿಸುವುದು, ಇದು ಕ್ಲಾಸ್‌ರೂಮಿನಿಂದ ಎರವಲು ತಂದ ವೇಷ. 1980ರ ದಶಕದಲ್ಲಿ ಭಾರಿ ಜನಪ್ರಿಯವಾಗಿದ್ದ 'ಇಸ್ಕುಲ್ ಬುಕೋಲ್' ಅನ್ನುವ ಕಾಲೇಜು ಕಾಮಿಡಿ ಸೀರಿಯಲ್ಲಿನಲ್ಲಿ ಮೆಲಿ ತಗಾಸಾ 'ಮಿಸ್ ತಾಪಿಯಾ' ಅನ್ನುವ ಕಟ್ಟುನಿಟ್ಟಿನ ಮೇಡಂ ಪಾತ್ರ ಮಾಡಿದರು. ಆ ಪಾತ್ರ ಎಷ್ಟು ಗಟ್ಟಿಯಾಗಿ ಕೂತಿತು ಅಂದರೆ ಒಂದು ತಲೆಮಾರಿಗೆ 'ಮಿಸ್ ತಾಪಿಯಾ' ಅಂದರೇನೇ ಸ್ಟ್ರಿಕ್ಟ್ ಟೀಚರ್. 1990ರ ದಶಕದಲ್ಲಿ 'ಪ್ರಿನ್ಸೆಸ್ ಸಾರಾ' ಅನ್ನುವ ಜಪಾನಿ ಕಾರ್ಟೂನು ಟಗಾಲೊಗ್‌ಗೆ ಡಬ್ ಆಗಿ ಬಂತು. ಅದರ ಮಿಸ್ ಮಿಂಚಿನ್ ಅಂತೂ ಗಾದೆಯೇ ಆಗಿಹೋದಳು. ಇವತ್ತಿಗೂ ಅಲ್ಲಿ ಕೆಲಸದವರನ್ನು ಗೋಳು ಹೊಯ್ದುಕೊಳ್ಳುವ ಬಾಸ್‌ಗೆ ಮಿಸ್ ಮಿಂಚಿನ್ ಅನ್ನುತ್ತಾರೆ. ಇಬ್ಬರೂ ಲೈಬ್ರೇರಿಯನ್‌ಗಳಲ್ಲ ಅನ್ನುವುದನ್ನು ಗಮನಿಸಿ. ಆದರೆ ತುರುಬು, ಗತ್ತು, ಗದರಿಕೆ ಎಲ್ಲ ಅವರದೇ. ಪಾತ್ರ ಬರೆಯುವವರಿಗೆ ಲೈಬ್ರೇರಿಯನ್ ಬೇಕಾದಾಗ ಆ ಬೀರುವಿನಿಂದಲೇ ಬಟ್ಟೆ ತೆಗೆದು ಕೊಟ್ಟರು.

ಪರದೆ ಹೀಗೆ ಕೈಗೆ ಸಿಕ್ಕ ವೇಷ ತೊಡಿಸಿದರೂ ಜನ ಒಪ್ಪಿದ್ದು ಯಾಕೆ ಅಂದರೆ, ಹೆಚ್ಚಿನವರಿಗೆ ಬೇರೆ ಲೈಬ್ರೇರಿಯನ್ ಗೊತ್ತೇ ಇಲ್ಲ. ಪ್ರತಿ ಊರಿಗೆ ಲೈಬ್ರರಿ, ಪ್ರತಿ ಬರಂಗಾಯ್‌ಗೆ, ಅಂದರೆ ಪ್ರತಿ ಹಳ್ಳಿ-ಮೊಹಲ್ಲಾಗೆ, ಒಂದು ವಾಚನ ಕೇಂದ್ರ ಇರಬೇಕು ಅಂತ 1994ರಲ್ಲೇ ಕಾನೂನು ಬಂದಿದೆ. ದೇಶದಲ್ಲಿ 42 ಸಾವಿರದಷ್ಟು ಬರಂಗಾಯ್‌ಗಳಿವೆ, ಹೆಚ್ಚಿನವಕ್ಕೆ ಅದು ಇನ್ನೂ ಬಂದಿಲ್ಲ. ಹಾಗಾಗಿ ಮಗು ಮೊದಲು ಕಾಣುವುದು ಶಾಲೆಯ ಲೈಬ್ರರಿ. ಅದೂ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಪಾಠ ಮಾಡುವ ಟೀಚರ್‌ಗೇ ಕೀಲಿಕೈ ಕೊಟ್ಟು 'ಟೀಚರ್-ಲೈಬ್ರೇರಿಯನ್' ಅಂತ ಹೆಸರಿಟ್ಟಿರುತ್ತಾರೆ. ಪಾಠ ಮುಗಿಸಿ, ಪೇಪರ್ ತಿದ್ದಿ, ಆಮೇಲೆ ಕಪಾಟಿನ ಬೀಗ ತೆಗೆಯಬೇಕು. ಅವರ ಮುಖದಲ್ಲಿ ಸುಂಗಿತ್ ಕಂಡರೆ ಆಶ್ಚರ್ಯವೇನು, ಅಲ್ವಾ?

ಕಾಲೇಜಿಗೆ ಹೋದರೆ ನಿಯಮಗಳು ಜಾಸ್ತಿ. ಬ್ಯಾಗು ಬಾಗಿಲ ಬಳಿಯ ಕೌಂಟರಿನಲ್ಲಿ ಬಿಡಬೇಕು. ಐಡಿ ತೋರಿಸಬೇಕು. 'ಫಿಲಿಪಿನಿಯಾನಾ' ವಿಭಾಗ, ಅಂದರೆ ದೇಶದ ಬಗ್ಗೆ ಇರುವ, ದೇಶದಲ್ಲೇ ಅಚ್ಚಾದ ಪುಸ್ತಕಗಳ ಕೋಣೆ, ಅಲ್ಲಿನವನ್ನು ಸಾಮಾನ್ಯವಾಗಿ ಮನೆಗೆ ಕೊಡುವುದಿಲ್ಲ. ಕೂತು ಓದಬೇಕು, ಬೇಕಾದ ಪುಟ ಜೆರಾಕ್ಸ್ ಮಾಡಿಸಿಕೊಳ್ಳಬೇಕು. ನಾಳೆ ಪರೀಕ್ಷೆ ಇರುವ ಹುಡುಗನಿಗೆ ಇದನ್ನೆಲ್ಲ ಹೇಳುವ ಬಾಯಿ ಒಂದೇ, ಲೈಬ್ರೇರಿಯನ್‌ದು. ನಿಯಮ ಮಾಡಿದವರು ಯಾರೋ, ಬೈಸಿಕೊಳ್ಳುವವರು ಇವರು.

ಇಷ್ಟು ಹೇಳಿದ ಮೇಲೆ ಒಂದು ತಮಾಷೆ. ಮನಿಲಾ ಮಹಾನಗರದ ಉದ್ದಕ್ಕೂ ಹಾದುಹೋಗುವ, ಸುಮಾರು 24 ಕಿಲೋಮೀಟರಿನ ಹೆದ್ದಾರಿಗೆ 'ಎಡ್ಸಾ' ಅಂತ ಹೆಸರು. 1986ರಲ್ಲಿ ಲಕ್ಷಾಂತರ ಜನ ಬೀದಿಗಿಳಿದು ಸರ್ವಾಧಿಕಾರಿ ಮಾರ್ಕೋಸ್‌ನನ್ನು ಓಡಿಸಿದ್ದು ಇದೇ ರಸ್ತೆಯಲ್ಲಿ. ಎಡ್ಸಾ ಅನ್ನುವುದು 'ಎಪಿಫಾನಿಯೊ ದೆ ಲೋಸ್ ಸಾಂತೋಸ್ ಅವೆನ್ಯೂ' ಅನ್ನುವುದರ ಗಿಡ್ಡ ರೂಪ. ಈ ಎಪಿಫಾನಿಯೊ ಯಾರು? ವಕೀಲ, ಇತಿಹಾಸಕಾರ, ಗಿಟಾರ್ ನುಡಿಸುವುದರಲ್ಲೂ ಹೆಸರಾದವರು. ಜೊತೆಗೆ 1925ರಿಂದ 1928ರಲ್ಲಿ ತೀರಿಕೊಳ್ಳುವವರೆಗೂ ಸರ್ಕಾರದ ಲೈಬ್ರರಿ ಮತ್ತು ಮ್ಯೂಸಿಯಂನ ನಿರ್ದೇಶಕರಾಗಿದ್ದರು. ಅವರ ನಂತರ ಆ ಲೈಬ್ರರಿಯ ಕುರ್ಚಿಯಲ್ಲಿ ಕೂತವರು ತಿಯೊದೊರೊ ಕಲಾವ್. ಇವತ್ತು ನ್ಯಾಷನಲ್ ಲೈಬ್ರರಿ ಇರುವ ರಸ್ತೆಗೆ ಅವರದೇ ಹೆಸರು. ಅಂದರೆ ಮನಿಲಾದ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು 'ಅಯ್ಯೋ ಈ ಎಡ್ಸಾ' ಅಂತ ಗೊಣಗುವವರು ದಿನಾ ಒಬ್ಬ ಲೈಬ್ರರಿ ನಿರ್ದೇಶಕರ ಹೆಸರು ಹೇಳುತ್ತಿದ್ದಾರೆ. ತುರುಬು ಕಟ್ಟಿದ ಮೇಡಂ ಚಿತ್ರಕ್ಕೂ ಇವರಿಗೂ ಏನೂ ಸಂಬಂಧವಿಲ್ಲ.

ಲೈಬ್ರೇರಿಯನ್ ಅಂದರೆ ಹೆಂಗಸು ಅನ್ನುವ ಚಿತ್ರ ಬಹುಶಃ ದೇಶವನ್ನು ಆಳಲು ಬಂದ ಅಮೆರಿಕನ್ನರ ಜೊತೆ ಬಂತು. 1900ರಲ್ಲಿ ಮನಿಲಾದಲ್ಲಿ 'ಅಮೆರಿಕನ್ ಸರ್ಕ್ಯುಲೇಟಿಂಗ್ ಲೈಬ್ರರಿ' ಶುರುಮಾಡಿದ್ದು ಅಲ್ಲಿದ್ದ ಅಮೆರಿಕನ್ ಮಹಿಳೆಯರು. ಮರುವರ್ಷ ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಅದೇ 1901ರಲ್ಲಿ 'ಥಾಮಸ್' ಅನ್ನುವ ಹಡಗಿನಲ್ಲಿ ನೂರಾರು ಅಮೆರಿಕನ್ ಟೀಚರ್‌ಗಳು ಬಂದಿಳಿದರು. ಇಂಗ್ಲಿಷು, ಶಾಲೆ, ಪುಸ್ತಕದ ಶಿಸ್ತು ಎಲ್ಲ ಒಂದೇ ಗಂಟಿನಲ್ಲಿ ಬಂತು. ಆಮೇಲೆ ಹಾಲಿವುಡ್ ಸಿನಿಮಾ ಬಂದು ಉಳಿದದ್ದನ್ನು ತುಂಬಿಸಿತು.

ಈಗ ನಿಜವಾದ ಲೈಬ್ರೇರಿಯನ್ ಕಡೆ ತಿರುಗಿದರೆ ಇನ್ನೊಂದು ವಿಷಯ. ಫಿಲಿಪ್ಪೀನ್ಸ್‌ನಲ್ಲಿ ಲೈಬ್ರೇರಿಯನ್ ಆಗಲು ಲೈಸೆನ್ಸ್ ಬೇಕು. ಡಾಕ್ಟರು, ನರ್ಸು, ಎಂಜಿನಿಯರುಗಳ ಹಾಗೆ. 1990ರಲ್ಲಿ ಕಾನೂನಾಯಿತು, 1992ರಲ್ಲಿ ಮೊದಲ ಪರೀಕ್ಷೆ ನಡೆಯಿತು. 2004ರಲ್ಲಿ ಸಹಿಯಾದ ಹೊಸ ಕಾನೂನು ಅದನ್ನು ಇನ್ನಷ್ಟು ಬಿಗಿ ಮಾಡಿತು. ಪಾಸಾಗಲು ಸರಾಸರಿ ನೂರಕ್ಕೆ 75 ಬರಬೇಕು, ಯಾವ ವಿಷಯದಲ್ಲೂ 50ಕ್ಕಿಂತ ಕೆಳಗೆ ಇಳಿಯಬಾರದು. ಕ್ಯಾಟಲಾಗಿಂಗ್, ಇಂಡೆಕ್ಸಿಂಗ್, ಮಾಹಿತಿ ತಂತ್ರಜ್ಞಾನ ಎಲ್ಲ ಇರುತ್ತದೆ. ಲೈಸೆನ್ಸ್ ಇಲ್ಲದೆ ಈ ವೃತ್ತಿ ಮಾಡಿದರೆ ಕಾನೂನಿನಲ್ಲಿ ಶಿಕ್ಷೆಯೇ ಇದೆ.

ಪಾಸಾದವರ ಹೆಸರಿನ ಕೊನೆಗೆ 'ಆರ್‌ಎಲ್' ಅಂತ ಸೇರುತ್ತದೆ, ಅಂದರೆ ರಿಜಿಸ್ಟರ್ಡ್ ಲೈಬ್ರೇರಿಯನ್. ಬೋರ್ಡ್ ಪರೀಕ್ಷೆ, ಅಂದರೆ ಇಂಥ ಲೈಸೆನ್ಸ್ ಪರೀಕ್ಷೆ, ಪಾಸಾಗುವುದು ಆ ದೇಶದಲ್ಲಿ ಮನೆತನಕ್ಕೇ ಹೆಮ್ಮೆ. ಕಾಲೇಜಿನ ಗೇಟಿಗೆ ಫೋಟೋ ಹಾಕಿದ ದೊಡ್ಡ ಫ್ಲೆಕ್ಸು ಏರುತ್ತದೆ, ಅಲ್ಲಿ ಅದಕ್ಕೆ 'ಟಾರ್ಪಾಲಿನ್' ಅನ್ನುತ್ತಾರೆ. ಟಾಪರ್‌ಗಳ ಪಟ್ಟಿ ಸುದ್ದಿಯಾಗುತ್ತದೆ. ಆದರೂ ಲೈಬ್ರೇರಿಯನ್‌ಗಳು ಕೇಳಿ ಕೇಳಿ ಸಾಕಾದ ಪ್ರಶ್ನೆ, 'ಓ, ಅದಕ್ಕೂ ಬೋರ್ಡ್ ಪರೀಕ್ಷೆ ಇದೆಯಾ?' ಸೀರಿಯಲ್ಲಿನ ಡಾಕ್ಟರ್ ಆಪರೇಷನ್ ಮಾಡುತ್ತಾನೆ, ವಕೀಲ ವಾದಿಸುತ್ತಾನೆ. ಸೀರಿಯಲ್ಲಿನ ಲೈಬ್ರೇರಿಯನ್ ಒಂದು ಪುಸ್ತಕವನ್ನಾದರೂ ಯಾರಿಗಾದರೂ ಹುಡುಕಿ ಕೊಟ್ಟದ್ದು ತೋರಿಸುವುದು ಅಪರೂಪ.

ಹಾಗಂತ ಫಿಲಿಪಿನೊ ಮಾಧ್ಯಮಕ್ಕೆ ಪುಸ್ತಕ ಕೊಡುವವರ ಮೇಲೆ ಪ್ರೀತಿ ಇಲ್ಲ ಅಂತಲ್ಲ. ಬೇಕಾದಷ್ಟಿದೆ, ಲೈಸೆನ್ಸ್ ಇಲ್ಲದವರ ಮೇಲೆ. ಮಕಾತಿ ನಗರದಲ್ಲಿ ಹೆರ್ನಾಂದೊ ಗುವಾನ್‌ಲಾವ್ ಅನ್ನುವವರು 2000ದಲ್ಲಿ ಅಪ್ಪ-ಅಮ್ಮನ ನೆನಪಿಗೆ ಮನೆ ಮುಂದೆ ಪುಸ್ತಕ ಇಟ್ಟರು. ಕಾರ್ಡಿಲ್ಲ, ದಂಡವಿಲ್ಲ, ವಾಪಸ್ ತರಲೇಬೇಕು ಅಂತಲೂ ಇಲ್ಲ. ಪುಸ್ತಕಗಳು ಕಡಿಮೆಯಾಗುವ ಬದಲು ರಾಶಿ ಬೆಳೆಯುತ್ತಾ ಹೋಗಿ ಮನೆ, ಮೆಟ್ಟಿಲು, ಫುಟ್‌ಪಾತು ತುಂಬಿತು. 2012ರಲ್ಲಿ ಬಿಬಿಸಿ ಅವರ ಬಗ್ಗೆ ವರದಿ ಮಾಡಿತು. ಕವೀತೆ ಪ್ರಾಂತ್ಯದ ಎಫ್ರೆನ್ ಪೆನ್ಯಾಫ್ಲೊರಿದಾ ತಳ್ಳುಗಾಡಿಯಲ್ಲಿ ಪುಸ್ತಕ, ಕಪ್ಪುಹಲಗೆ ಹೇರಿಕೊಂಡು ಬೀದಿ ಮಕ್ಕಳ ಹತ್ತಿರ ಹೋದರು. 2009ರಲ್ಲಿ ಸಿಎನ್‌ಎನ್ ಅವರನ್ನು ವರ್ಷದ ಹೀರೋ ಅಂತ ಆರಿಸಿತು. ಇಬ್ಬರೂ ಮಾಡಿದ್ದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಇಂಥವರನ್ನು ಯಾರೂ ಮಸುಂಗಿತ್ ಅನ್ನುವುದಿಲ್ಲ.

ಯಾಕೆ ಅನ್ನುವುದರಲ್ಲೇ ಈ ಪದದ ಗುಟ್ಟು ಇದೆ ಅಂತ ನನಗೆ ಕಾಣುತ್ತದೆ. ಗುವಾನ್‌ಲಾವ್ ಅವರ ಪುಸ್ತಕ ಅವರ ಸ್ವಂತದ್ದು, ಹೋದರೆ ಹೋಯಿತು. ಸರ್ಕಾರಿ ಲೈಬ್ರರಿಯ ಪುಸ್ತಕ ಸರ್ಕಾರದ ಆಸ್ತಿ. ಮೇಜು ಕುರ್ಚಿಯ ಹಾಗೆ ಅದಕ್ಕೂ ಲೆಕ್ಕ ಇಡಬೇಕು, ಆಡಿಟ್‌ನವರು ಬಂದಾಗ ಎಲ್ಲಿ ಅಂತ ತೋರಿಸಬೇಕು. ಆ ಲೆಕ್ಕ ಒಪ್ಪಿಸಬೇಕಾದವರೇ ಕೌಂಟರಿನಲ್ಲಿ ಕೂತಿರುವುದು. ಕಳೆದುಹೋದರೆ ಏನಾಗಬಹುದು ಅನ್ನುವುದಕ್ಕೆ ದೇಶಕ್ಕೇ ಗೊತ್ತಿರುವ ಉದಾಹರಣೆ ಇದೆ. 1961ರ ಡಿಸೆಂಬರಿನಲ್ಲಿ ನ್ಯಾಷನಲ್ ಲೈಬ್ರರಿಯಿಂದ ದೇಶದ ರಾಷ್ಟ್ರನಾಯಕ, ಲೇಖಕ ಹೊಸೆ ರಿಸಾಲ್ ಕೈಯಾರೆ ಬರೆದ ಕಾದಂಬರಿಗಳ ಹಸ್ತಪ್ರತಿಗಳೇ ಕಳುವಾದವು. ಕಳ್ಳರು ಹಣ ಕೇಳಿದರು. ಕೊನೆಗೆ ಶಿಕ್ಷಣ ಕಾರ್ಯದರ್ಶಿ ಅಲೆಹಾಂದ್ರೊ ರೋಸೆಸ್ ಮಾತುಕತೆ ನಡೆಸಿ ವಾಪಸ್ ತಂದರು. ಆ ಕಥೆಯಲ್ಲಿ ಎಲ್ಲರಿಗೂ ನೆನಪಿರುವುದು ಕಳ್ಳರು ಮತ್ತು ರೋಸೆಸ್.

ಪದ ಈಗಲೂ ಬಳಕೆಯಲ್ಲಿದೆ, ಆದರೆ ಅದನ್ನು ಆಡುವವರು ಬದಲಾಗಿದ್ದಾರೆ. ಲೈಬ್ರೇರಿಯನ್‌ಗಳೇ ಮೊಬೈಲ್ ಮುಂದೆ ನಿಂತು, ಬೇಕಂತಲೇ ತುರುಬು ಕಟ್ಟಿ, ಕನ್ನಡಕ ಕೆಳಗಿಳಿಸಿ ಮಸುಂಗಿತ್ ವೇಷ ಹಾಕಿ ನಗಿಸುತ್ತಾರೆ, ನಡುವೆ ಡೇಟಾಬೇಸ್ ಹುಡುಕುವುದು ಹೇಗೆ ಅಂತ ಒಂದು ಮಾತು ತುರುಕುತ್ತಾರೆ. ಮನಿಲಾದ ಮಲಾತೆಯಲ್ಲಿ 'ದಿ ಲೈಬ್ರರಿ' ಅನ್ನುವ ಹೆಸರಿನ ಕಾಮಿಡಿ ಬಾರ್ ಕೂಡ ಹೆಸರುವಾಸಿಯಾಗಿತ್ತು. ಗಿರಾಕಿಗಳು ಮೈಕ್ ಹಿಡಿದು ಕಿರುಚಿ ಹಾಡುತ್ತಿದ್ದರು, ವೇದಿಕೆಯ ಮೇಲಿದ್ದವರು ಅವರನ್ನು ಬಾಯಿತುಂಬ ಗೇಲಿ ಮಾಡುತ್ತಿದ್ದರು. ಶ್‌ಶ್ ಅನ್ನುವವರು ಅಲ್ಲಿ ಯಾರೂ ಇರಲಿಲ್ಲ.