‘ಅವನು ಯಾರಿಗೆ ಹೆದರುತ್ತಾನೆ?’

ನವಲಗುಂದ ತಾಲ್ಲೂಕಿನ ಒಂದು ಹಳ್ಳಿ. ಕಟ್ಟೆಯ ಮೇಲೆ ಕುಳಿತು ಮೊರದಲ್ಲಿ ಹೆಸರುಕಾಳು ಕೇರುತ್ತಿದ್ದ ಅಜ್ಜಿಯ ಎದುರು ನಮ್ಮ ಸಮೀಕ್ಷೆಯ ಹುಡುಗಿ ಪ್ರಶ್ನಾವಳಿಯ ಕೊನೆಯ ಪುಟ ತೆರೆದಿದ್ದಳು. ಹೊಸಬರ ಜೊತೆ ಮೊದಲ ದಿನ ನಾನೂ ಊರಿಗೆ ಹೋಗುತ್ತೇನೆ. ಅವತ್ತು ಬೇವಿನ ಮರದ ನೆರಳಿನಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದೆ.

“ನೀವು ಒಪ್ಪುವ ಪಕ್ಷ ಒಬ್ಬ ಯೋಗ್ಯ ನಾಸ್ತಿಕನನ್ನು ಪ್ರಧಾನಿ ಮಾಡುತ್ತೇವೆ ಎಂದರೆ ಆ ಪಕ್ಷಕ್ಕೆ ಮತ ಹಾಕುತ್ತೀರಾ, ಆಯಿ?”

“ನಾಸ್ತಿಕ ಎಂದರೆ ಯಾರು ತಂಗಿ?”

“ದೇವರಿಲ್ಲ ಎನ್ನುವವರು.”

ಮೊರ ನಿಂತಿತು. “ಹಾಗಾದರೆ ಅವನು ಯಾರಿಗೆ ಹೆದರುತ್ತಾನೆ?”

ಹುಡುಗಿ ‘ಇಲ್ಲ’ ಎಂಬ ಚೌಕದಲ್ಲಿ ಗುರುತು ಹಾಕಿದಳು. ನಮ್ಮ ಲೆಕ್ಕದಲ್ಲಿ ಅದು ಒಂದು ನಕಾರ, ಅಷ್ಟೇ. ಆದರೆ ಆ ಅಜ್ಜಿ ‘ಇಲ್ಲ’ ಎಂದಿರಲೇ ಇಲ್ಲ, ತಿರುಗಿ ಒಂದು ಪ್ರಶ್ನೆ ಕೇಳಿದ್ದರು. ಧಾರವಾಡದಲ್ಲಿದ್ದುಕೊಂಡು ವರ್ಷಗಟ್ಟಲೆ ಸಮೀಕ್ಷಕರಿಗೆ ತರಬೇತಿ ಕೊಟ್ಟ ನನಗೆ, ನಾಸ್ತಿಕನೊಬ್ಬ ದೇಶದ ನಾಯಕನಾಗಬಲ್ಲನೇ ಎಂಬ ಚರ್ಚೆ ಎದ್ದಾಗಲೆಲ್ಲ ನೆನಪಾಗುವುದು ಆ ಮಾತೇ.

ಈ ಪ್ರಶ್ನೆಯ ಮೂಲ ಅಮೆರಿಕದ್ದು. ನಿಮ್ಮ ಪಕ್ಷ ನಿಲ್ಲಿಸಿದ ಅರ್ಹ ಅಭ್ಯರ್ಥಿ ನಾಸ್ತಿಕನಾಗಿದ್ದರೆ ಮತ ಹಾಕುತ್ತೀರಾ ಎಂದು ಗ್ಯಾಲಪ್ ಸಂಸ್ಥೆ 1958ರಲ್ಲಿ ಕೇಳಿದಾಗ ಹೌದು ಎಂದವರು ಶೇ 18 ಮಾತ್ರ. 2019ರ ಹೊತ್ತಿಗೆ ಅದು ಶೇ 60ಕ್ಕೆ ಏರಿತ್ತು. ಏರಿಕೆ ದೊಡ್ಡದೇ. ಆದರೂ ಅದೇ ಪಟ್ಟಿಯಲ್ಲಿ ಮಹಿಳೆ, ಕಪ್ಪು ವರ್ಣೀಯ, ಕ್ಯಾಥೊಲಿಕ್ ಅಭ್ಯರ್ಥಿಗಳಿಗೆ ಸಿಕ್ಕ ಒಪ್ಪಿಗೆ ಇದಕ್ಕಿಂತ ಬಹಳ ಹೆಚ್ಚು. ಸರ್ಕಾರಿ ಹುದ್ದೆಗೆ ಧರ್ಮದ ಪರೀಕ್ಷೆ ಒಡ್ಡಕೂಡದು ಎಂದು ಸಂವಿಧಾನದಲ್ಲೇ ಬರೆದಿಟ್ಟುಕೊಂಡ ದೇಶ ಅದು.

ಯಾಕೆ ಹೀಗೆ ಎಂಬುದಕ್ಕೆ ಮನಶ್ಶಾಸ್ತ್ರಜ್ಞರಾದ ವಿಲ್ ಗರ್ವೈಸ್ ಮತ್ತು ಅರಾ ನೊರೆಂಜಯಾನ್ ಒಂದು ಉತ್ತರ ಹುಡುಕಿದರು. ನಾಸ್ತಿಕರ ಮೇಲೆ ಜನರಿಗಿರುವುದು ಮುಖ್ಯವಾಗಿ ಅಪನಂಬಿಕೆ, ದ್ವೇಷವಲ್ಲ ಎಂದು 2011ರಲ್ಲಿ ಅವರು ತೋರಿಸಿದರು. ಮೇಲಿನಿಂದ ಒಬ್ಬ ನೋಡುತ್ತಿದ್ದಾನೆ ಎಂಬ ಅಳುಕು ಇಲ್ಲದವನು ಕತ್ತಲಲ್ಲಿ ಏನು ಮಾಡುತ್ತಾನೋ ಎಂಬ ಶಂಕೆ ಅದು. ಮರುವರ್ಷದ ಪ್ರಯೋಗದಲ್ಲಿ, ಪೊಲೀಸ್ ವ್ಯವಸ್ಥೆ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದು ನೆನಪಿಸಿದಾಗ ಆಸ್ತಿಕರ ಅಪನಂಬಿಕೆ ಕಡಿಮೆಯಾಯಿತು. ಕಾವಲಿಗೆ ಇನ್ನೊಬ್ಬರಿದ್ದಾರೆ ಎಂದು ಖಾತ್ರಿಯಾದರೆ ದೇವರ ಕಾವಲು ಅಷ್ಟು ಅನಿವಾರ್ಯ ಅನ್ನಿಸುವುದಿಲ್ಲ. ಇದನ್ನು ಓದಿದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ನಿಂತ ಮೊರ. ಪ್ರಯೋಗಾಲಯದವರು ತಲುಪಿದ ಜಾಗಕ್ಕೆ ಅಜ್ಜಿ ಒಂದೇ ಮಾತಿನಲ್ಲಿ ತಲುಪಿದ್ದರು. ಆಣೆ ಹಾಕಿಸಿಯೇ ಸಾಲ ಕೊಟ್ಟವರು ಅವರು. ಕಾಗದಪತ್ರ ನಂಬಿ ಮೋಸಹೋದವರನ್ನು ಕಂಡವರು. ಅವರಿಗೆ ದೇವರು ಒಂದು ಜಾಮೀನು.

ನಮ್ಮಲ್ಲಿ ಇನ್ನೊಂದು ತೊಡಕಿದೆ. ನಾವು ಪ್ರಧಾನಿಯನ್ನು ನೇರವಾಗಿ ಆರಿಸುವುದಿಲ್ಲ. ಧಾರವಾಡದ ಮತದಾರ ಒತ್ತುವ ಗುಂಡಿ ಧಾರವಾಡದ ಸಂಸದನದ್ದು. ಅವನಿಗಿಂತ ಮೊದಲೇ ಟಿಕೆಟ್ ಹಂಚುವವರು ನಿರ್ಧಾರ ಮಾಡಿರುತ್ತಾರೆ. ಜಾತ್ರೆಯಲ್ಲಿ ತೇರಿನ ಹಗ್ಗ ಹಿಡಿಯದವನನ್ನು, ಸಿದ್ಧಾರೂಢ ಮಠದ ಮೆಟ್ಟಿಲು ಹತ್ತದವನನ್ನು ನಿಲ್ಲಿಸುವ ಧೈರ್ಯ ಪಕ್ಷಗಳಿಗಿಲ್ಲ. ಜನ ಒಪ್ಪುವುದಿಲ್ಲ ಎಂದು ಅವರೇ ಹೇಳುತ್ತಾರೆ, ಜನರನ್ನು ಕೇಳಿದವರು ಯಾರೂ ಇಲ್ಲ.

ಕೇಳಿದಾಗ ಜನ ಏನು ಮಾಡಿದ್ದಾರೆ ಎಂಬುದಕ್ಕೆ ಮೊದಲ ಚುನಾವಣೆಯೇ ಸಾಕ್ಷಿ. ದೇವರ ವಿಷಯದಲ್ಲಿ ತಮಗೆ ನಂಬಿಕೆಯಿಲ್ಲ ಎಂಬುದನ್ನು ನೆಹರೂ ಮುಚ್ಚಿಟ್ಟವರಲ್ಲ. ಹಿಂದೂಗಳ ಮದುವೆ, ಆಸ್ತಿ ಹಕ್ಕಿನ ಕಾನೂನುಗಳನ್ನು ಸುಧಾರಿಸಲು ಹೊರಟ ಹಿಂದೂ ಸಂಹಿತೆ ಮಸೂದೆಯನ್ನು ವಿರೋಧಿಸಿ ಪ್ರಭುದತ್ತ ಬ್ರಹ್ಮಚಾರಿ ಎಂಬ ಸಾಧು ಅವರ ಎದುರೇ ಕಣಕ್ಕಿಳಿದರು. ಪ್ರಯಾಗದ ಮಣ್ಣಿನಲ್ಲಿ, ಕಾವಿ ತೊಟ್ಟವರ ಎದುರು, ನೆಹರೂ ಗೆದ್ದರು. 1957ರಲ್ಲೂ 1962ರಲ್ಲೂ ಗೆದ್ದರು. ತಮ್ಮ ಸಾವಿನ ನಂತರ ಯಾವ ಧಾರ್ಮಿಕ ವಿಧಿಯೂ ಬೇಡ ಎಂದು 1954ರ ಉಯಿಲಿನಲ್ಲಿ ಬರೆದಿದ್ದರು. 1964ರಲ್ಲಿ ಅಂತ್ಯಕ್ರಿಯೆ ವಿಧಿಪೂರ್ವಕವಾಗಿಯೇ ನಡೆಯಿತು. ಬದುಕಿದ್ದಾಗ ಮತದಾರರು ಕೊಟ್ಟ ಸ್ವಾತಂತ್ರ್ಯವನ್ನು ಸತ್ತ ಮೇಲೆ ಹತ್ತಿರದವರು ಕೊಡಲಿಲ್ಲ. ಇದು ನನ್ನನ್ನು ಈಗಲೂ ಕಾಡುತ್ತದೆ.

ಹತ್ತಿರದ ಉದಾಹರಣೆಯೂ ಇದೆ. ಹುಬ್ಬಳ್ಳಿ ಗ್ರಾಮೀಣ ಕ್ಷೇತ್ರದಿಂದ ಗೆದ್ದು 1988ರಲ್ಲಿ ಮುಖ್ಯಮಂತ್ರಿಯಾದ ಎಸ್.ಆರ್. ಬೊಮ್ಮಾಯಿ, ದೇವರನ್ನು ಒಪ್ಪದ ಮಾನವತಾವಾದಿ ಚಿಂತಕ ಎಂ.ಎನ್. ರಾಯ್ ಅವರ ವಿಚಾರಧಾರೆಯಲ್ಲಿ ಬೆಳೆದವರು. ಅವರನ್ನು ನಾಸ್ತಿಕರೆಂದು ನಾನು ಕರೆಯುತ್ತಿಲ್ಲ. ರಾಯ್‌ವಾದಿ ಎಂಬ ಗುರುತು ಇಲ್ಲಿಯ ಮತದಾರರಿಗೆ ಅಡ್ಡಿಯಾಗಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಪಕ್ಕದ ತಮಿಳುನಾಡಿನಲ್ಲಿ ಕರುಣಾನಿಧಿ ತಾವು ನಾಸ್ತಿಕ ಎಂದು ಹೇಳಿಕೊಂಡೇ ಐದು ಬಾರಿ ಮುಖ್ಯಮಂತ್ರಿಯಾದರು.

ಕಾನೂನಿನ ಬಾಗಿಲು ಯಾವತ್ತೂ ತೆರೆದೇ ಇದೆ. ಸಂವಿಧಾನದ ಪ್ರಸ್ತಾವನೆಯನ್ನು ದೇವರ ಹೆಸರಿನಿಂದ ಆರಂಭಿಸೋಣ ಎಂದು ಮಂಗಳೂರು ಮೂಲದ ಎಚ್.ವಿ. ಕಾಮತ್ 1949ರ ಅಕ್ಟೋಬರ್ 17ರಂದು ತಿದ್ದುಪಡಿ ತಂದರು. ಪರವಾಗಿ 41, ವಿರುದ್ಧ 68 ಮತ ಬಿದ್ದವು. ಸಂವಿಧಾನ ಸಭೆಯಲ್ಲಿದ್ದವರಲ್ಲಿ ಬಹುಪಾಲು ಆಸ್ತಿಕರೇ. ಪ್ರಮಾಣವಚನದಲ್ಲೂ ದೇವರ ಹೆಸರು ಬೇಡವೆಂದರೆ ದೃಢೀಕರಿಸಿದರೆ ಸಾಕು ಎಂದು ಮೂರನೇ ಅನುಸೂಚಿ ಹೇಳುತ್ತದೆ.

ಬಾಗಿಲು ತೆರೆದಿದ್ದರೂ ಜನ ಬಾಯಿ ಬಿಡುವುದಿಲ್ಲ. 2011ರ ಜನಗಣತಿಯಲ್ಲಿ ತಮ್ಮನ್ನು ನಾಸ್ತಿಕರೆಂದು ಬರೆಸಿದವರು ಇಡೀ ದೇಶದಲ್ಲಿ ಸುಮಾರು 33 ಸಾವಿರ. ಈ ಸಂಖ್ಯೆಯನ್ನು ನಾನು ನಂಬುವುದಿಲ್ಲ. ಅದು ನಾಸ್ತಿಕರ ಸಂಖ್ಯೆಯಲ್ಲ, ಬಾಗಿಲಿಗೆ ಬಂದ ಅಪರಿಚಿತರ ಮುಂದೆ ಹಾಗೆ ಹೇಳಿದವರ ಸಂಖ್ಯೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಕಲ್ಯಾಣನಗರದಲ್ಲಿ ಎಂ.ಎಂ. ಕಲಬುರ್ಗಿಯವರನ್ನು ಅವರ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರು ನಾಸ್ತಿಕರೂ ಅಲ್ಲ, ವಚನಗಳಿಗೆ ಬದುಕು ಕೊಟ್ಟ ವಿದ್ವಾಂಸರು. ಆಮೇಲೆ ಬಹಳ ದಿನ ಈ ಊರಿನಲ್ಲಿ ಅಪರಿಚಿತ ಮನೆಯ ಬಾಗಿಲು ತಟ್ಟಿಸಿ ದೇವರ ಬಗ್ಗೆ ಪ್ರಶ್ನೆ ಕೇಳಿಸಲು ನನಗೆ ಮನಸ್ಸಾಗಲಿಲ್ಲ.

ಅಜ್ಜಿಯ ಕಡೆಗೆ ಮರಳುತ್ತೇನೆ. ಉತ್ತರ ಗುರುತು ಹಾಕಿದ ಮೇಲೂ ಹುಡುಗಿಗೆ ಸಮಾಧಾನವಿರಲಿಲ್ಲ. ತಾನೇ ಇನ್ನೊಂದು ಪ್ರಶ್ನೆ ಕಟ್ಟಿದಳು: “ಗುಡಿಗೆ ಹೋಗುವುದಿಲ್ಲ, ಆದರೆ ಮಲಪ್ರಭಾ ಕಾಲುವೆಯ ನೀರು ನಿಮ್ಮ ಹೊಲದವರೆಗೂ ತರಿಸುತ್ತಾನೆ ಎಂದರೆ?”

“ನೀರು ಬಂದ ಮೇಲೆ ಬಾ, ಹೇಳುತ್ತೇನೆ,” ಎಂದರು ಅಜ್ಜಿ.

ನಮ್ಮ ವೃತ್ತಿಯಲ್ಲಿ ಹುಡುಗಿ ಮಾಡಿದ್ದು ತಪ್ಪು. ಒಂದು ಪ್ರಶ್ನೆಯಲ್ಲಿ ಎರಡು ಪ್ರಶ್ನೆ ತುರುಕಿದರೆ ಉತ್ತರ ಯಾವುದಕ್ಕೆ ಬಂತೆಂದು ತಿಳಿಯುವುದಿಲ್ಲ. ಆ ಉತ್ತರವನ್ನು ನಾವು ಎಣಿಸಲಿಲ್ಲ. ಆದರೆ ಎಣಿಸಿದ್ದರಲ್ಲೂ ನನಗೆ ಅಷ್ಟೇ ದೋಷ ಕಾಣುತ್ತದೆ. ‘ನಾಸ್ತಿಕ’ ಎಂಬ ಶಬ್ದಕ್ಕೆ ಊರು, ಹೆಸರು, ಮುಖ ಇಲ್ಲ. ಅಭ್ಯರ್ಥಿಗೆ ಅವೆಲ್ಲ ಇರುತ್ತವೆ. ಶಬ್ದಕ್ಕೆ ಬಿದ್ದ ‘ಇಲ್ಲ’ವನ್ನು ಮನುಷ್ಯನ ಸೋಲು ಎಂದು ಓದುವುದನ್ನು ನಾನು ಒಪ್ಪುವುದಿಲ್ಲ.

ನಾವು ಹೊರಡಲು ಎದ್ದಾಗ ಅಜ್ಜಿ ಹುಡುಗಿಯ ಕೈ ಹಿಡಿದುಕೊಂಡರು. “ನೀನು ನಂಬುತ್ತೀಯಾ ತಂಗಿ, ದೇವರನ್ನು?” ಸಮೀಕ್ಷಕರು ತಮ್ಮ ಅಭಿಪ್ರಾಯ ಹೇಳಕೂಡದು ಎಂದು ಹಿಂದಿನ ದಿನವಷ್ಟೇ ಕಲಿಸಿದ್ದೆ. ಅವಳು ನನ್ನ ಕಡೆ ನೋಡಿದಳು. ನಾನು ಏನೂ ಸನ್ನೆ ಮಾಡಲಿಲ್ಲ. “ಇಲ್ಲ ಆಯಿ,” ಎಂದಳು, ಬಹಳ ಮೆಲ್ಲಗೆ. ಅಜ್ಜಿ ಒಂದು ಗಳಿಗೆ ಅವಳ ಮುಖ ನೋಡಿದರು. ಆಮೇಲೆ ಒಳಗೆ ಹೋಗಿ ಒಂದು ತಂಬಿಗೆ ಮಜ್ಜಿಗೆ ತಂದುಕೊಟ್ಟು, ಬಿಸಿಲು ಇಳಿಯುವ ತನಕ ಕೂತು ಹೋಗು ಎಂದರು.