ಇಜಿಆರ್ ವಾಲ್ವ್ ಬದಲಿಸುವ ಮೊದಲು

ಶಿರಸಿಯ ನಮ್ಮ ಗ್ಯಾರೇಜಿಗೆ ಹಳೇ ಡೀಸೆಲ್ ಗಾಡಿ ತರುವವರ ಬಾಯಲ್ಲಿ ಈಗ ಒಂದೇ ಮಾತು. "ಪಿ0401 ಬಂದಿದೆ, ಇಜಿಆರ್ ವಾಲ್ವ್ ಬದಲಿಸಿಬಿಡಿ." ಇಜಿಆರ್ ವಾಲ್ವ್ ಅಂದರೆ ಇಂಜಿನ್ನಿನಿಂದ ಹೊರಬಂದ ಹೊಗೆಯಲ್ಲಿ ಒಂದಿಷ್ಟನ್ನು ವಾಪಸ್ ಇಂಜಿನ್ನಿಗೆ ಬಿಡುವ ವಾಲ್ವ್. ಪಿ0401 ಅನ್ನುವುದು ಗಾಡಿಯ ಕಂಪ್ಯೂಟರ್ ತೋರಿಸುವ ಒಂದು ತೊಂದರೆಯ ಕೋಡ್. ಅದನ್ನು ಓದಲು ಫೋನಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ತುಂಬಾ ಜನರ ಹತ್ತಿರ ಇದೆ. ಕೋಡ್ ನೋಡಿ, ಪಾರ್ಟ್ ತರಿಸಿಕೊಂಡೇ ಬರುವವರೂ ಇದ್ದಾರೆ. ಕೆಲವರು ಬೇರೆ ಕಡೆ ವಾಲ್ವ್ ಹಾಕಿಸಿ, ಮತ್ತೆ ಡ್ಯಾಶ್‌ಬೋರ್ಡಿನ ಇಂಜಿನ್ ಲೈಟ್ ಹತ್ತಿದ ಮೇಲೆ ಬರುತ್ತಾರೆ. ಅಷ್ಟೊತ್ತಿಗೆ ಸಾವಿರಗಟ್ಟಲೆ ದುಡ್ಡು ಹೋಗಿರುತ್ತದೆ. ನೋಡಿದರೆ ಸಂಕಟವಾಗುತ್ತದೆ.

ಪಿ0401 ಬಂತು ಅಂದರೆ ವಾಲ್ವ್ ಕೆಟ್ಟಿದೆ ಎಂದಲ್ಲ. ವಾಪಸ್ ಇಂಜಿನ್ನಿಗೆ ಹೋಗಬೇಕಾದಷ್ಟು ಹೊಗೆ ಹೋಗುತ್ತಿಲ್ಲ ಎಂದು ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರ್, ಲೆಕ್ಕ ಹಾಕಿದೆ, ಅಷ್ಟೇ. ತೋಟಕ್ಕೆ ನೀರು ಬರಲಿಲ್ಲ ಅಂತ ಯಾರೂ ಮೊದಲು ಪಂಪ್ ಬಿಚ್ಚುವುದಿಲ್ಲ, ಅಲ್ವಾ? ಪೈಪ್ ಒಡೆದಿದೆಯಾ, ಎಲ್ಲಿ ಕಟ್ಟಿದೆ ಅಂತ ನೋಡುತ್ತಾರೆ.

ಆ ಲೆಕ್ಕ ಹೇಗೆ ಎಂದು ತಿಳಿದರೆ ಅರ್ಧ ಗೊಂದಲ ಹೋಗುತ್ತದೆ. ಹಳೇ ಡೀಸೆಲ್ ಗಾಡಿಗಳಲ್ಲಿ ಸಾಮಾನ್ಯವಾಗಿ ವಾಪಸ್ ಹೋಗುವ ಹೊಗೆಯನ್ನು ನೇರವಾಗಿ ಅಳೆಯುವ ಸೆನ್ಸರ್ ಇರುವುದಿಲ್ಲ. ಏರ್ ಫಿಲ್ಟರ್ ದಾಟಿದ ಮೇಲೆ ಇರುವ ಏರ್‌ಫ್ಲೋ ಸೆನ್ಸರ್ ಹೊಸ ಗಾಳಿಯನ್ನು ಅಳೆಯುತ್ತದೆ. ವಾಲ್ವ್ ತೆರೆದಾಗ ಹೊಗೆ ಒಳಗೆ ಜಾಗ ಹಿಡಿಯುತ್ತದೆ, ಆಗ ಹೊಸ ಗಾಳಿ ಅಷ್ಟು ಕಡಿಮೆಯಾಗಬೇಕು. ಕಡಿಮೆಯಾಗಲಿಲ್ಲ ಅಂದರೆ ಕೋಡ್ ಬರುತ್ತದೆ. ವಾಲ್ವ್ ಅಂಟಿಕೊಂಡರೂ ಇದೇ ಕೋಡ್. ಹೊಗೆಯ ದಾರಿಯಲ್ಲಿ ಮಸಿ ಕಟ್ಟಿದರೂ ಇದೇ. ಗಾಳಿ ಎಳೆದು ವಾಲ್ವ್ ತೆರೆಸುವ ವ್ಯಾಕ್ಯೂಮ್ ಹೋಸ್ ಸೀಳಿದರೂ, ಸೆನ್ಸರ್ ಕೊಳೆಯಾಗಿ ತಪ್ಪು ಓದಿದರೂ ಇದೇ ಕೋಡ್ ಬರಬಹುದು.

ಸಿದ್ದಾಪುರ ಕಡೆಯ ತೋಟದ ಯಜಮಾನರೊಬ್ಬರು ಹೊಸ ವಾಲ್ವ್ ಹಾಕಿಸಿಕೊಂಡೇ ಬಂದಿದ್ದರು. "ತಮ್ಮಾ, ವಾಲ್ವ್ ಹೊಸದು ಹಾಕ್ಸಾಯ್ತು. ಲೈಟ್ ಮತ್ತೆ ಬಂತಲ್ಲ?" ಗಾಡಿ ಹೇಗೆ ಓಡುತ್ತಿದೆ ಎಂದು ಕೇಳಿದೆ. ಕುಮಟಾದಿಂದ ಬರುವಾಗ ದೇವಿಮನೆ ಘಟ್ಟದಲ್ಲಿ ಪಿಕಪ್ ಇಲ್ಲ, ಕಪ್ಪು ಹೊಗೆ ಬೇರೆ ಅಂದರು. ನನಗೆ ದಾರಿ ಸಿಕ್ಕಿದ್ದು ಅಲ್ಲೇ. ಘಟ್ಟದಲ್ಲಿ ಪೂರ್ತಿ ಲೋಡ್ ಮೇಲೆ ಎಳೆಯುವಾಗ ಇಜಿಆರ್ ಹೇಗೂ ಮುಚ್ಚಿಯೇ ಇರುತ್ತದೆ. ಹೊಗೆ ಹರಿಯುವುದು ಕಡಿಮೆಯಾದರೆ ಗಾಡಿಯ ಎಳೆತ ಕಡಿಮೆಯಾಗಲು ಕಾರಣವೇ ಇಲ್ಲ. ವಾಲ್ವ್ ತೆರೆದೇ ಸಿಕ್ಕಿಕೊಂಡರೆ ಎಳೆತ ಹೋಗುತ್ತದೆ, ಆದರೆ ಆಗ ಸಾಮಾನ್ಯವಾಗಿ ಹರಿವು ಜಾಸ್ತಿ ಎನ್ನುವ ಪಿ0402 ಬರಬೇಕು. ಕೋಡಿಗೂ ಅವರ ದೂರಿಗೂ ತಾಳೆಯಾಗಲಿಲ್ಲ.

ಕೆಳಗೆ ಹೋಗಿ ನೋಡಿದರೆ ಗಾಳಿ ಒತ್ತುವ ಟರ್ಬೋದಿಂದ ಅದನ್ನು ತಣ್ಣಗಾಗಿಸುವ ಇಂಟರ್‌ಕೂಲರಿಗೆ ಹೋಗುವ ರಬ್ಬರ್ ಹೋಸ್ ಅಡಿಭಾಗದಲ್ಲಿ ಸೀಳಿತ್ತು. ಸುತ್ತ ಎಣ್ಣೆ ಜಿಡ್ಡು. ಮೇಲಿನಿಂದ ನೋಡಿದವರಿಗೆ ಕಾಣುವುದಿಲ್ಲ. ಸೆನ್ಸರ್ ಅಳೆದ ಗಾಳಿಯಲ್ಲಿ ಒಂದಿಷ್ಟು ಆ ಸೀಳಿನಿಂದ ಹೊರಗೆ ಹೋಗುತ್ತಿತ್ತು. ಗಾಳಿ ಜಾಸ್ತಿ ಬರುತ್ತಿದೆ, ಅಂದರೆ ಹೊಗೆ ಕಡಿಮೆ ಎಂದು ಇಸಿಯು ತಿಳಿದುಕೊಂಡಿತು. ಇಂಜಿನ್ನಿಗೆ ಮಾತ್ರ ಗಾಳಿ ಸಾಲದೆ ಕಪ್ಪು ಹೊಗೆ. ಹೋಸ್ ಬದಲಿಸಿದೆವು, ಎರಡೂ ತೊಂದರೆ ಹೋಯಿತು. ಅವರ ಹಳೇ ವಾಲ್ವ್ ತೊಳೆದರೆ ಇನ್ನೂ ಓಡುತ್ತಿತ್ತೇನೋ.

ಎಲ್ಲ ಗಾಡಿಯಲ್ಲೂ ಹೋಸೇ ಕಾರಣ ಅಂತ ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ನಿಂತ ಗಾಡಿಗಳಲ್ಲಿ ಇಲಿ ಕಡಿದ ವ್ಯಾಕ್ಯೂಮ್ ಹೋಸ್ ಸಿಗುತ್ತದೆ. ಕಾರವಾರ, ಅಂಕೋಲಾ ಕಡೆಯ ಗಾಡಿಗಳಲ್ಲಿ ಉಪ್ಪು ಗಾಳಿಗೆ ಕನೆಕ್ಟರಿನ ಪಿನ್ ಹಸಿರುಗಟ್ಟಿರುತ್ತದೆ. ಆಗ ಪಿ0403ನಂಥ ವೈರಿಂಗ್ ಕೋಡ್ ಬರುವುದೇ ಹೆಚ್ಚು. ದಿನಾ ಪೇಟೆಗೆ ಹೋಗಿ ಬರುವಷ್ಟೇ ಓಡುವ ಗಾಡಿಯಲ್ಲಿ ಮಸಿ ಮತ್ತು ಎಣ್ಣೆ ಆವಿ ಸೇರಿ ಇಂಜಿನ್ನಿಗೆ ಗಾಳಿ ಹಂಚುವ ಮ್ಯಾನಿಫೋಲ್ಡ್ ಒಳಗೆ ಡಾಂಬರಿನಂತೆ ಕಟ್ಟುತ್ತದೆ. ವ್ಯಾಕ್ಯೂಮಿನಿಂದ ತೆರೆಯುವ ವಾಲ್ವ್ ಆದರೆ ಪರೀಕ್ಷೆ ಸುಲಭ. ಇಂಜಿನ್ ಬಿಸಿಯಾಗಿ ಐಡ್ಲಿಂಗಿನಲ್ಲಿರುವಾಗ ಕೈಪಂಪಿನಿಂದ ವ್ಯಾಕ್ಯೂಮ್ ಕೊಟ್ಟು ವಾಲ್ವ್ ತೆರೆಯಬೇಕು. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಗಾಳಿಯ ಅಂಕಿ ತಟ್ಟನೆ ಇಳಿದರೆ ವಾಲ್ವ್ ಮತ್ತು ದಾರಿ ಎರಡೂ ಸರಿ ಇವೆ ಎನ್ನಬಹುದು. ವಾಲ್ವಿನ ರಾಡ್ ಅಲ್ಲಾಡಿದರೂ ಅಂಕಿ ಇಳಿಯಲಿಲ್ಲ ಅಂದರೆ ದಾರಿ ಕಟ್ಟಿರುವುದೇ ಹೆಚ್ಚು. ಅಲ್ಲಿಗೆ ಹೊಸ ವಾಲ್ವ್ ಹಾಕಿ ಏನು ಪ್ರಯೋಜನ?

ಮನೆಯಲ್ಲೇ ತೊಳೆಯುತ್ತೇನೆ ಎನ್ನುವವರು ವಾಲ್ವನ್ನು ಕಾಸ್ಟಿಕ್ ಸೋಡಾದಲ್ಲಿ ಮಾತ್ರ ಮುಳುಗಿಸಬೇಡಿ. ಅದು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಗಡು ಹಾಕಿ ಇಜಿಆರ್ ದಾರಿ ಮುಚ್ಚಿಬಿಡಿ ಎಂದು ಕೇಳುವವರಿಗೆ ನಾನು ಒಪ್ಪುವುದಿಲ್ಲ. ಹೊಗೆ ಹರಿಯದಿದ್ದರೆ ಮತ್ತೆ ಅದೇ ಪಿ0401, ವಿಷದ ಹೊಗೆ ಬೇರೆ ಜಾಸ್ತಿ.

ಇನ್ನೊಂದು ಕೇಳಿಕೊಳ್ಳುತ್ತೇನೆ. ಬರುವ ದಾರಿಯಲ್ಲಿ ಫೋನಿನಿಂದ ಕೋಡ್ ಅಳಿಸಬೇಡಿ. ಕೋಡ್ ಬಿದ್ದ ಹೊತ್ತಿನ ಸ್ಪೀಡು, ಲೋಡು, ಇಂಜಿನ್ ಬಿಸಿ ಎಲ್ಲವೂ ಅದರ ಜೊತೆ ಉಳಿದಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. ಲೈಟ್ ಹತ್ತಿದ್ದು ಘಟ್ಟದಲ್ಲೋ, ಪೇಟೆಯಲ್ಲೋ, ಬೆಳಿಗ್ಗೆ ತಣ್ಣಗಿದ್ದಾಗಲೋ ಎಂದು ಒಂದು ಚೀಟಿಯಲ್ಲಿ ಬರೆದು ತಂದರೆ ಇನ್ನೂ ಒಳ್ಳೆಯದು.