ಕಿತ್ತಳೆ, ಹಾಲು, ಒಂದು ಹಿಡಿ ಐಸ್

ಹುಳಿ ಹಣ್ಣಿನ ಜೊತೆ ಹಾಲು ಕುಡಿದರೆ ಹೊಟ್ಟೆಯಲ್ಲಿ ವಿಷವಾಗುತ್ತದೆ ಎಂಬ ಮಾತು ಇನ್ನೂ ಓಡಾಡುತ್ತಲೇ ಇದೆ. ಚೆನ್ನಾಗಿ ಓದಿದವರೂ ನಂಬುತ್ತಾರೆ ಅನ್ನೋದೇ ಬೇಸರ. ಬರೀ ಹಾಲು ಕುಡಿದರೂ ಅದು ಹೊಟ್ಟೆಯಲ್ಲಿ ಒಡೆದೇ ಒಡೆಯುತ್ತದೆ. ಹುಳಿಯನ್ನು ಅಳೆಯುವ ಲೆಕ್ಕ ಪಿಎಚ್; ಕಿತ್ತಳೆ ರಸದ ಪಿಎಚ್ 3.5ರಿಂದ 4ರ ಆಸುಪಾಸು. ಖಾಲಿ ಹೊಟ್ಟೆಯ ಜಠರರಸದ್ದು 1.5ರಿಂದ 2. ಪಿಎಚ್ ಒಂದು ಇಳಿದರೆ ಹುಳಿ ಹತ್ತು ಪಟ್ಟು ಜಾಸ್ತಿ. ಲೆಕ್ಕ ಹಾಕಿ ನೋಡಿ, ಕಿತ್ತಳೆ ಎಲ್ಲಿ, ಹೊಟ್ಟೆ ಎಲ್ಲಿ! ಹಾಲು ಅಲ್ಲಿ ಗಟ್ಟಿಯಾಗಿ, ನಿಧಾನಕ್ಕೆ ಜೀರ್ಣವಾಗುವುದೇ ಸಹಜ ಕ್ರಮ.

ಕಿತ್ತಳೆ ರಸವನ್ನು ಕೆನೆಕೆನೆಯಾಗಿ, ನೊರೆನೊರೆಯಾಗಿ ಕುಡಿಯುವ ರೂಢಿಗೆ ಹೆಸರು ತಂದದ್ದು ಅಮೆರಿಕದ ಲಾಸ್ ಏಂಜಲೀಸ್. 1926ರಲ್ಲಿ ಜೂಲಿಯಸ್ ಫ್ರೀಡ್ ಅಲ್ಲಿ ಕಿತ್ತಳೆ ರಸದ ಅಂಗಡಿ ಇಟ್ಟರು. ಅವರ ಜೊತೆಗಾರ ಬಿಲ್ ಹ್ಯಾಮ್ಲಿನ್‌ಗೆ ಬರೀ ರಸದ ಹುಳಿ ಹೊಟ್ಟೆಗೆ ಒಗ್ಗುತ್ತಿರಲಿಲ್ಲ. ಅದಕ್ಕೆ ಹುಳಿ ಮೆತ್ತಗಾಗುವಂಥ, ಕೆನೆಯಂಥ ಮಿಶ್ರಣ ಮಾಡಿದರು. ಆರೆಂಜ್ ಜೂಲಿಯಸ್ ಎಂಬ ಪಾನೀಯ ಹುಟ್ಟಿದ್ದು ಹೀಗೆ.

ಮನೆಯಲ್ಲಿ ಮಾಡಲು ಒಂದು ಕಪ್ ರಸ, ಅರ್ಧ ಕಪ್ ಹಾಲು, ರುಚಿಗೆ ಸಕ್ಕರೆ, ಎರಡು ಹನಿ ವೆನಿಲ್ಲಾ, ಒಂದು ಹಿಡಿ ಐಸ್ ಸಾಕು. ಮಿಕ್ಸಿ ಜೋರಾಗಿ ತಿರುಗಿದರೆ ನೊರೆ ತಾನಾಗಿ ಬರುತ್ತದೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಬರೀ ರಸ ತಿರುಗಿಸಿ ನೋಡಿ. ಗುಳ್ಳೆ ಏಳುತ್ತದೆ, ಸ್ವಲ್ಪ ಹೊತ್ತಿಗೆ ಕುಸಿಯುತ್ತದೆ. ಬ್ಲೇಡು ಗಾಳಿಯನ್ನು ಒಳಗೆಳೆದು ಚೂರು ಮಾಡುತ್ತದೆ, ಅಷ್ಟೇ. ಆ ಗಾಳಿಯನ್ನು ಹಿಡಿದಿಡುವುದು ಹಾಲಿನ ಪ್ರೋಟೀನ್.

ಪ್ರೋಟೀನ್ ಒಂದು ಉದ್ದನೆಯ ಸರಪಳಿ. ಅದರ ಕೆಲವು ತುಂಡುಗಳಿಗೆ ನೀರು ಇಷ್ಟ, ಕೆಲವಕ್ಕೆ ಆಗುವುದೇ ಇಲ್ಲ. ಗುಳ್ಳೆ ಹುಟ್ಟಿದ ಕೂಡಲೇ ಪ್ರೋಟೀನ್ ಅದರ ಅಂಚಿಗೆ ಬಂದು ಸೇರುತ್ತದೆ. ನೀರು ಒಲ್ಲದ ತುಂಡುಗಳು ಗಾಳಿಯ ಕಡೆ, ಉಳಿದವು ನೀರಿನ ಕಡೆ. ಸುರುಳಿಯಾಗಿದ್ದದ್ದು ಬಿಚ್ಚಿಕೊಳ್ಳುತ್ತದೆ, ಪಕ್ಕದ್ದರ ಜೊತೆ ಹೆಣೆದುಕೊಳ್ಳುತ್ತದೆ. ಕೈಕೈ ಹಿಡಿದು ಸುತ್ತ ನಿಂತವರ ಹಾಗೆ, ಗುಳ್ಳೆಯ ಸುತ್ತ ಒಂದು ಪೊರೆ ಕಟ್ಟುತ್ತದೆ. ಪಕ್ಕದ ಗುಳ್ಳೆ ಬಂದು ತಾಗಿದರೂ ಎರಡೂ ಸುಲಭಕ್ಕೆ ಒಂದಾಗುವುದಿಲ್ಲ. ಕೊಬ್ಬು ಮಾತ್ರ ಈ ಪೊರೆಯ ನಡುವೆ ನುಗ್ಗಿ ಅದನ್ನು ಹರಿಯಬಲ್ಲದು. ಕೆನೆ ತೆಗೆದ ಹಾಲಿನಲ್ಲಿ ನೊರೆ ಹೆಚ್ಚು ಏಳುವುದು ಅದಕ್ಕೇ. ಆದರೆ ಕೆನೆಯ ರುಚಿ ಬೇಕಲ್ವಾ? ಗಟ್ಟಿ ಹಾಲಿಗೇ ನನ್ನ ವೋಟು.

ಇಂಥ ಪೊರೆಗಳನ್ನು ಮೊದಲು ಅಚ್ಚುಕಟ್ಟಾಗಿ ಅಳೆದವರಲ್ಲಿ ಒಬ್ಬರು ಜರ್ಮನಿಯ ಆಗ್ನೆಸ್ ಪೊಕೆಲ್ಸ್. ಹೆಣ್ಣುಮಕ್ಕಳಿಗೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿದ್ದ ಕಾಲ. ಮನೆಗೆಲಸ ಮಾಡಿಕೊಂಡೇ ಅವರು ತಗಡಿನ ತೊಟ್ಟಿಯೊಂದನ್ನು ಮಾಡಿಕೊಂಡರು. ನೀರಿನ ಮೇಲೆ ತಗಡಿನ ಪಟ್ಟಿ ಸರಿಸುತ್ತಾ, ಎಣ್ಣೆ, ಕೊಳೆ ಹರಡಿದ ಮೇಲ್ಮೈಯ ಎಳೆತ ಹೇಗೆ ಬದಲಾಗುತ್ತದೆ ಎಂದು ಅಳೆದರು. 1891ರಲ್ಲಿ ಅದನ್ನೆಲ್ಲ ಬರೆದು ಇಂಗ್ಲೆಂಡಿನ ಭೌತವಿಜ್ಞಾನಿ ಲಾರ್ಡ್ ರೇಲೀಗೆ ಕಳಿಸಿದರು. ರೇಲೀ ಅವರ ಶಿಫಾರಸಿನಿಂದ ಆ ಪತ್ರ ಅದೇ ವರ್ಷ ‘ನೇಚರ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅಡುಗೆಮನೆಯ ವಿಜ್ಞಾನ ಅಂದರೆ ಮೂಗು ಮುರಿಯುವವರಿಗೆ ನಾನು ಈ ಹೆಸರು ಹೇಳದೆ ಬಿಡುವುದಿಲ್ಲ.

ಇನ್ನು ಐಸ್ ವಿಷಯ. ಅದು ಸುಮ್ನೆ ತಂಪಿಗೆ ಅಲ್ಲ. ಹಾಲಿನ ಪ್ರೋಟೀನಿನಲ್ಲಿ ಸುಮಾರು ಶೇಕಡ 80 ಭಾಗ ಕೇಸಿನ್. ಹಾಲಿನ ಪಿಎಚ್ 6.7ರಿಂದ 4.6ರ ಹತ್ತಿರಕ್ಕೆ ಇಳಿದಾಗ ಕೇಸಿನ್ ಕಣಗಳು ಒಂದನ್ನೊಂದು ದೂರ ತಳ್ಳುವ ಶಕ್ತಿ ಕಳೆದುಕೊಂಡು ಅಂಟಿಕೊಳ್ಳುತ್ತವೆ. ಹಾಲು ಒಡೆಯುವುದು ಅಂದರೆ ಇದೇ. ಆದರೆ ಹೀಗೆ ಅಂಟಿಸುವ ಸೆಳೆತ ಚಳಿಯಲ್ಲಿ ಬಲ ಕಳೆದುಕೊಳ್ಳುತ್ತದೆ. 4 ಡಿಗ್ರಿಯಷ್ಟು ತಣ್ಣಗಿಟ್ಟು ನಿಧಾನವಾಗಿ ಹುಳಿ ಮಾಡಿದರೆ, ಪಿಎಚ್ 4.6 ಮುಟ್ಟಿದರೂ ಹಾಲು ಗಡ್ಡೆಕಟ್ಟದು. ಬೆಚ್ಚಗಾದಾಗ ಕಟ್ಟುತ್ತದೆ.

ಹಾಗಾಗಿ ಹಾಲು, ರಸ ಎರಡೂ ಫ್ರಿಜ್ಜಿನಿಂದ ನೇರವಾಗಿ ಬರಲಿ. ಮೊದಲು ಹಾಲು, ಸಕ್ಕರೆ, ಐಸ್ ತಿರುಗಿಸಿ. ರಸ ಕೊನೆಗೆ, ಸ್ವಲ್ಪ ಸ್ವಲ್ಪವಾಗಿ. ನೊರೆ ಬಂತು ಅಂದ ತಕ್ಷಣ ನಿಲ್ಲಿಸಿ, ಬ್ಲೇಡಿನ ತಿಕ್ಕಾಟದಿಂದಲೂ ಬಿಸಿ ಏರುತ್ತದೆ. ಸಣ್ಣ ಕಾಳು ಕಂಡರೆ ಅದು ಅಂಟಿಕೊಂಡ ಕೇಸಿನ್, ಅಷ್ಟೇ. ಇನ್ನೂ ಗಟ್ಟಿ ನೊರೆ ಬೇಕೆಂದು ಕೆಲವರು ಮೊಟ್ಟೆಯ ಬಿಳಿ ಹಾಕುತ್ತಾರೆ. ಹಸಿ ಮೊಟ್ಟೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹೆದರಬೇಕಾದ್ದು ಅದಕ್ಕೆ. ಅದರ ಬದಲು ಒಂದು ಚಮಚ ಹಾಲಿನ ಪುಡಿ ಹಾಕಿ.